ಅಪ್‌ಡೇಟ್: ಕ್ಲಿಯರ್ ಕೊಟ್ಟರೂ ಮೇಲಕ್ಕೆ ಸರಿಸಿದರೆ ಹಳೆಯ ಔಟ್‌ಪುಟ್ ಕಾಣುವ ಸಮಸ್ಯೆ

ಕಲಬುರಗಿಯ ನಮ್ಮ ಲ್ಯಾಬಿನ ಲಿನಕ್ಸ್ ಕಂಪ್ಯೂಟರ್‌ಗಳಲ್ಲಿ, ಟರ್ಮಿನಲ್ ಪರದೆ ಖಾಲಿ ಮಾಡುವ ಕ್ಲಿಯರ್ ಆಜ್ಞೆ ಕೊಟ್ಟ ಮೇಲೂ ಮೇಲಕ್ಕೆ ಸ್ಕ್ರೋಲ್ ಮಾಡಿದರೆ ಹಿಂದಿನ ವಿದ್ಯಾರ್ಥಿಯ ಔಟ್‌ಪುಟ್ ಕಾಣುತ್ತದೆ, ಏನು ಮಾಡಬೇಕು ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ ರೀ, ಈಗ ಸರಿಯಾಗಿದೆ.

ಕಾರಣ ಟೀಮಕ್ಸ್, ಅಂದರೆ ಒಂದೇ ಟರ್ಮಿನಲ್‌ನಲ್ಲಿ ಹಲವು ಕಿಟಕಿ ನಡೆಸುವ ಪ್ರೋಗ್ರಾಂ. ಅದರೊಳಗೆ, ಟರ್ಮಿನಲ್ ಯಾವ ಬಗೆಯದು ಎಂದು ಹೇಳುವ ಟರ್ಮ್ ವೇರಿಯಬಲ್‌ನ ಬೆಲೆ 'ಸ್ಕ್ರೀನ್' ಎಂದಿತ್ತು. ಕ್ಲಿಯರ್ ತಾನಾಗಿ ಏನನ್ನೂ ನಿರ್ಧರಿಸುವುದಿಲ್ಲ. ಅದು ಆ ಹೆಸರಿನ ಟರ್ಮ್‌ಇನ್ಫೋ ದಾಖಲೆ (ಆ ಬಗೆಯ ಟರ್ಮಿನಲ್ ಏನೇನು ಮಾಡಬಲ್ಲದು ಎಂಬ ಪಟ್ಟಿ) ನೋಡಿ, ಅದರಲ್ಲಿ 'ಇ3' ಎಂಬ ನಮೂದು ಇದ್ದರೆ ಮಾತ್ರ ಸ್ಕ್ರೋಲ್‌ಬ್ಯಾಕ್, ಅಂದರೆ ಮೇಲಕ್ಕೆ ಸರಿಸಿದರೆ ಕಾಣುವ ಹಳೆಯ ಸಾಲುಗಳನ್ನು, ಅಳಿಸುತ್ತದೆ. ನಮ್ಮಲ್ಲಿ ಅದು ಇರಲಿಲ್ಲ. ಆ ದಾಖಲೆ ತೋರಿಸುವ ಇನ್ಫೋಸಿಎಂಪಿ ಆಜ್ಞೆಗೆ ಹೈಫನ್ ಎಕ್ಸ್ ಸೇರಿಸಿ ಓಡಿಸಿದರೆ ಇದೆಯೋ ಇಲ್ಲವೋ ತಿಳಿಯುತ್ತದೆ. ಅದಕ್ಕೇ ಸ್ಕ್ರೋಲ್‌ಬ್ಯಾಕ್ ಅಳಿಸುವ ಟೀಮಕ್ಸ್‌ನ 'ಕ್ಲಿಯರ್-ಹಿಸ್ಟರಿ' ಆಜ್ಞೆಯನ್ನು ಒಂದು ಕೀಗೆ ಕಟ್ಟಿದ್ದೇವೆ. ಪ್ರಿಂಟ್‌ಎಫ್ ಆಜ್ಞೆಯ ಮೂಲಕ ಎಸ್ಕೇಪ್, ಎಡ ಚೌಕ ಆವರಣ, 3, ದೊಡ್ಡಕ್ಷರದ ಜೆ ಕಳಿಸಿದರೂ ಆಗುತ್ತದೆ.

ಕಂಟ್ರೋಲ್ ಎಲ್ ಇದಕ್ಕೆ ಸಾಲದು, ಅದು ಕಣ್ಣಿಗೆ ಕಾಣುವ ಪರದೆಯನ್ನಷ್ಟೇ ಖಾಲಿ ಮಾಡುತ್ತದೆ. ನಾವು ಆಜ್ಞೆ ಟೈಪ್ ಮಾಡುವ ಬ್ಯಾಷ್ ಶೆಲ್‌ನ ಆಜ್ಞೆಗಳ ಹಿಸ್ಟರಿ ಬೇರೆಯೇ ವಿಷಯ, ಕ್ಲಿಯರ್ ಅದನ್ನು ಮುಟ್ಟುವುದಿಲ್ಲ. ಪಾಸ್‌ವರ್ಡ್ ಟೈಪ್ ಆಗಿದ್ದರೆ ಕ್ಲಿಯರ್ ನಂಬಿ ಎದ್ದು ಹೋಗಬೇಡಿ.

ಇನ್ನೊಂದು ತೊಂದರೆಯೂ ಇತ್ತು: ದೂರದ ಕಂಪ್ಯೂಟರ್‌ಗೆ ಸಂಪರ್ಕಿಸುವ ಎಸ್‌ಎಸ್‌ಎಚ್‌ನಲ್ಲಿ ನೇರವಾಗಿ ಓಡಿಸುವ, ಒಳಗೆ ಕ್ಲಿಯರ್ ಇರುವ ಸ್ಕ್ರಿಪ್ಟ್ 'ಟರ್ಮ್ ಸೆಟ್ ಆಗಿಲ್ಲ' ಎನ್ನುತ್ತಿತ್ತು. ಅದಕ್ಕೆ ಎಸ್‌ಎಸ್‌ಎಚ್ ಆಜ್ಞೆಗೆ ಹೈಫನ್ ಟಿ ಸೇರಿಸಿದರೆ ಸಾಕಾಯಿತು. ನಿಗದಿತ ಸಮಯಕ್ಕೆ ತಾನಾಗಿ ಕೆಲಸ ಓಡಿಸುವ ಕ್ರಾನ್‌ನಲ್ಲಿ ಮಾತ್ರ ಟರ್ಮ್‌ಗೆ ಬಲವಂತವಾಗಿ ಬೆಲೆ ಕೊಡಬೇಡಿ: ಲಾಗ್ ಫೈಲಿನೊಳಗೆ ಎಸ್ಕೇಪ್ ಕೋಡ್ (ಪರದೆ ನಿಯಂತ್ರಿಸುವ ಸಂಕೇತಗಳು) ತುಂಬುತ್ತದೆ. ಅಲ್ಲಿ ಕ್ಲಿಯರ್ ಸಾಲನ್ನೇ ತೆಗೆಯಿರಿ.