ಲ್ಯಾಬ್ ಯಂತ್ರ ಮಾಡುವ ಚಿಕ್ಕ ಕಂಪನಿಯ ಶೇರು: ಕೊಳ್ಳೋ ಮುಂಚೆ ಏನು ನೋಡ್ತೀರಿ?

ಕೇಳಿದವರು, ಟಿಳಕವಾಡಿ: ಸ್ಪೆಕ್ಟ್ರೋಮೀಟರ್ (ಲೋಹದಲ್ಲಿ ಏನೇನು ಎಷ್ಟಿದೆ ಅಂತ ಅಳೆಯುವ ಯಂತ್ರ) ಥರದ್ದು ಮಾರುವ ಒಂದು ಚಿಕ್ಕ ಕಂಪನಿ ಶೇರುಪೇಟೆಯ ಎಸ್‌ಎಂಇ ವಿಭಾಗದಲ್ಲಿ, ಅಂದ್ರೆ ಚಿಕ್ಕ ಕಂಪನಿಗಳಿಗೆಂದೇ ಇರುವ ವಿಭಾಗದಲ್ಲಿ, ಲಿಸ್ಟ್ ಆಗಿದೆ. ಲಾಭ ಏರ್ತಾ ಇದೆ. ಆದ್ರೆ ಅದರ ಬಗ್ಗೆ ಯಾರೂ ಬರೆಯಲ್ಲ, ಬ್ರೋಕರ್ ವರದಿಯೂ ಇಲ್ಲ. ಅನುಭವ ಇದ್ದವರು ಹೇಳ್ರಿ.

ಉದ್ಯಮಬಾಗದ ಫೌಂಡ್ರಿ (ಎರಕದ ಕಾರ್ಖಾನೆ) ಲ್ಯಾಬಿನಿಂದ: ನಮಸ್ಕಾರ್ರಿ. ನೀವು ಬೆಳಗಾವಿಯಲ್ಲಿ ಇರೋದೇ ದೊಡ್ಡ ಅನುಕೂಲ. ಈ ಯಂತ್ರ ದಿನಾ ಬಳಸುವವರು ಉದ್ಯಮಬಾಗ, ಮಚ್ಛೆಯಲ್ಲೇ ಇದ್ದಾರೆ. ಬ್ಯಾಲೆನ್ಸ್ ಶೀಟ್ ಆಮೇಲೆ ನೋಡಿ, ಮೊದಲು ಅವರನ್ನು ಮಾತಾಡಿಸಿ.

ನಮ್ಮಲ್ಲಿ ಕುಲುಮೆಯಿಂದ ಒಂದು ಸೌಟು ಕರಗಿದ ಕಬ್ಬಿಣ ತೆಗೆದು ತಾಮ್ರದ ಅಚ್ಚಿಗೆ ಹಾಕ್ತೀವಿ. ನಾಣ್ಯದಂಥ ಬಿಲ್ಲೆ ಬರುತ್ತೆ. ಅದರ ಮೈ ಉಜ್ಜಿ ಸ್ಪೆಕ್ಟ್ರೋಮೀಟರ್ ಮೇಲೆ ಇಟ್ಟರೆ ಆರ್ಗಾನ್ ಗ್ಯಾಸಿನಲ್ಲಿ ಕಿಡಿ ಹೊಡೆಯುತ್ತೆ. ಕಾರ್ಬನ್, ಸಿಲಿಕಾನ್, ಮ್ಯಾಂಗನೀಸ್, ಗಂಧಕ, ರಂಜಕ ಎಷ್ಟೆಷ್ಟು ಇದೆ ಅಂತ ಸ್ಕ್ರೀನ್ ಮೇಲೆ ಬರುತ್ತೆ. ಅಲ್ಲೀತನಕ ಕುಲುಮೆ ಕರೆಂಟ್ ಎಳೀತಾ ಕಾಯ್ತಿರುತ್ತೆ. ಯಂತ್ರ ಕೆಟ್ಟರೆ ಎರಕ ಹೊಯ್ಯೋದೇ ನಿಲ್ಲುತ್ತೆ. ಅದಕ್ಕೇ ನಾವು ಬೆಲೆಗಿಂತ ಮುಂಚೆ ಸರ್ವಿಸ್ ವಿಚಾರಿಸ್ತೀವಿ. ಇಂಜಿನಿಯರ್ ಎಲ್ಲಿಂದ ಬರ್ತಾರೆ, ಬಿಡಿಭಾಗ ಸ್ಟಾಕ್ ಇರುತ್ತಾ ಅಂತ.

ನೀವೂ ಬಳಸುವವರನ್ನು ಎರಡೇ ಮಾತು ಕೇಳಿ. ವಾರಂಟಿ ಮುಗಿದ ಮೇಲೆ ಎಎಂಸಿ (ವಾರ್ಷಿಕ ಸರ್ವಿಸ್ ಒಪ್ಪಂದ) ಮುಂದುವರಿಸಿದ್ರಾ? ಇನ್ನೊಂದು ಯಂತ್ರ ಬೇಕಾದ್ರೆ ಇದೇ ಕಂಪನಿಯದು ತಗೋತೀರಾ? ಯಂತ್ರ ಒಂದು ಸಲ ಕೊಂಡರೆ ವರ್ಷಗಟ್ಟಲೆ ನಡೆಯುತ್ತೆ. ಹಾಗಾಗಿ ಇಂಥ ಕಂಪನಿಗೆ ವರ್ಷಾ ವರ್ಷಾ ದುಡ್ಡು ಬರೋದು ಸರ್ವಿಸ್, ಕ್ಯಾಲಿಬ್ರೇಶನ್ (ಯಂತ್ರದ ಅಳತೆ ಸರಿ ಇದೆಯಾ ಅಂತ ನೋಡಿ ಹೊಂದಿಸೋದು), ಬಿಡಿಭಾಗದಿಂದ. ಅದು ಗಟ್ಟಿ ಇದ್ದರೆ ಹೊಸ ಆರ್ಡರ್ ಕಮ್ಮಿ ಆದ ವರ್ಷವೂ ಕಂಪನಿ ತಡ್ಕೊಳ್ಳುತ್ತೆ.

ಅಕೌಂಟ್ಸ್ ನೋಡುವವರು, ಶಹಾಪುರ: ಮೇಲಿನ ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ಲೆಕ್ಕದ ಕಡೆಯಿಂದ ನನ್ನದೂ ಸೇರಿಸ್ತೀನಿ. ವಾರ್ಷಿಕ ವರದಿಯ ಲಾಭ-ನಷ್ಟ ಪಟ್ಟಿಯಲ್ಲಿ ಖರ್ಚಿನ ಮೊದಲ ಸಾಲುಗಳನ್ನೇ ನೋಡಿ. 'ಕಾಸ್ಟ್ ಆಫ್ ಮೆಟೀರಿಯಲ್ಸ್ ಕನ್ಸೂಮ್ಡ್' ಜಾಸ್ತಿ ಇದ್ದರೆ ಅವರೇ ತಯಾರಿಸ್ತಾರೆ ಅಂತ. 'ಪರ್ಚೇಸ್ ಆಫ್ ಸ್ಟಾಕ್-ಇನ್-ಟ್ರೇಡ್' ದೊಡ್ಡದಿದ್ದರೆ ಹೊರಗಿನ ಮಾಲು ತಂದು ಮಾರುವುದೇ ಮುಖ್ಯ ವ್ಯಾಪಾರ. ಏಜೆನ್ಸಿ ವ್ಯಾಪಾರ ತಪ್ಪಲ್ಲ. ಆದ್ರೆ ಮೂಲ ಕಂಪನಿ ಏಜೆನ್ಸಿ ಕಿತ್ತುಕೊಂಡರೆ ಕೈಯಲ್ಲಿ ಏನೂ ಉಳಿಯಲ್ಲ, ಅಲ್ವಾ? ತಯಾರಕರ ಬೆಲೆ ಕೊಟ್ಟು ವ್ಯಾಪಾರಿಯ ಶೇರು ಕೊಳ್ಳಬೇಡಿ.

ಆಮೇಲೆ ಬಾಕಿ. ಮಾರಾಟ 20 ಕೋಟಿ, ಗಿರಾಕಿಗಳಿಂದ ಬರಬೇಕಾದ್ದು 12 ಕೋಟಿ ಅಂದ್ಕೊಳ್ಳಿ. 12ನ್ನು 20ರಿಂದ ಭಾಗಿಸಿ 365ರಿಂದ ಗುಣಿಸಿ, 219 ದಿನ ಬರುತ್ತೆ. ಅಂದ್ರೆ ಏಳು ತಿಂಗಳ ಮಾರಾಟದ ದುಡ್ಡು ಹೊರಗೇ ಇದೆ. 2021ರ ಏಪ್ರಿಲ್‌ನಿಂದ ಬಾಕಿಯನ್ನು ಆರು ತಿಂಗಳೊಳಗಿನದು, ಒಂದು ವರ್ಷದೊಳಗಿನದು, ಮೂರು ವರ್ಷ ದಾಟಿದ್ದು ಅಂತ ವಿಂಗಡಿಸಿ ತೋರಿಸಬೇಕು. ಆ ಪಟ್ಟಿ ವರದಿಯ ಕೊನೆಯ ಟಿಪ್ಪಣಿಗಳಲ್ಲಿರುತ್ತೆ. ಹಳೇ ಬಾಕಿ ವರ್ಷದಿಂದ ವರ್ಷಕ್ಕೆ ಬೆಳೀತಾ ಇದ್ದರೆ, ಲಾಭ ಏರ್ತಿದ್ದರೂ ನಾನಂತೂ ಕೈ ಹಾಕಲ್ಲ. ಕ್ಯಾಶ್ ಫ್ಲೋ ಪಟ್ಟಿಯಲ್ಲಿ ವ್ಯವಹಾರದಿಂದ ಬಂದ ನಗದನ್ನೂ ಲಾಭದ ಪಕ್ಕದಲ್ಲಿಟ್ಟು ನೋಡಿ, ಮೂರ್ನಾಲ್ಕು ವರ್ಷದ್ದು.

ಬ್ಯಾಂಕ್ ಸಾಲ ಇದ್ದರೆ ಕ್ರಿಸಿಲ್, ಇಕ್ರಾ, ಕೇರ್ ಥರದ, ಸಾಲ ತೀರಿಸುವ ಶಕ್ತಿಗೆ ರೇಟಿಂಗ್ ಕೊಡುವ ಸಂಸ್ಥೆಗಳ ಸೈಟುಗಳಲ್ಲಿ ಕಂಪನಿ ಹೆಸರು ಹುಡುಕಿ. ಓದೋದು ಉಚಿತ. 'ಇಶ್ಯೂವರ್ ನಾಟ್ ಕೋಆಪರೇಟಿಂಗ್' ಅಂತಿದ್ದರೆ ಕಂಪನಿ ರೇಟಿಂಗಿಗೆ ಮಾಹಿತಿ ಕೊಡ್ತಿಲ್ಲ ಅಂತ ಅರ್ಥ.

ಕಾಲೇಜು ಲ್ಯಾಬ್ ನೋಡಿಕೊಳ್ಳುವವರು, ಬೆಳಗಾವಿ: ನಂದು ಚಿಕ್ಕದು. ಸರ್ಕಾರಿ ಲ್ಯಾಬು, ಕಾಲೇಜುಗಳ ಖರೀದಿ ಮಾರ್ಚ್ ಹತ್ರ ಬಂದಂತೆ ಜೋರಾಗುತ್ತೆ. ಎಸ್‌ಎಂಇ ಕಂಪನಿಗಳ ಫಲಿತಾಂಶ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಬರುತ್ತೆ. ಹಾಗಾಗಿ ಅಕ್ಟೋಬರ್-ಮಾರ್ಚ್ ಅವಧಿಯನ್ನು ಹೋದ ವರ್ಷದ ಅದೇ ಅವಧಿಗೆ ಹೋಲಿಸಿ, ಅದರ ಹಿಂದಿನ ಆರು ತಿಂಗಳಿಗಲ್ಲ. ಮತ್ತೆ ಈ ಶೇರುಗಳು ಲಾಟ್ ಲೆಕ್ಕದಲ್ಲೇ, ಅಂದ್ರೆ ಇಂತಿಷ್ಟು ಶೇರಿನ ಕಟ್ಟಾಗಿಯೇ, ಮಾರಾಟ ಆಗೋದು. ಕೊಳ್ಳುವವರು ಕಮ್ಮಿ ಇದ್ದರೆ ಬೇಕಾದಾಗ ಮಾರೋದು ಕಷ್ಟ. ದಿನಕ್ಕೆ ಎಷ್ಟು ಲಾಟ್ ಕೈ ಬದಲಾಗ್ತಿದೆ ಅಂತ ಕೆಲವು ವಾರ ನೋಡಿ ಆಮೇಲೆ ದುಡ್ಡು ಹಾಕ್ರಿ. ತುರ್ತಿಗೆ ಬೇಕಾಗುವ ದುಡ್ಡಂತೂ ಇಲ್ಲಿ ಬೇಡ.