22 ಎಕರೆ ಕಲ್ಲುಗುಡ್ಡದ ಜಮೀನಿಗೆ ಯಾವ ಎಟಿವಿ, ಯಾವ ಡೀಲರ್?

ಬೇಲಿಸಾಲು (ಟೆಕ್ಸಸ್) ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಆಸ್ಟಿನ್ ನಗರದ ಪಶ್ಚಿಮಕ್ಕೆ, ಹಿಲ್ ಕಂಟ್ರಿ ಎಂದು ಕರೆಯುವ ಸುಣ್ಣಕಲ್ಲಿನ ಗುಡ್ಡಗಳ ನಡುವೆ ಎರಡು ವರ್ಷಗಳ ಹಿಂದೆ ನಾವು 22 ಎಕರೆ ಜಮೀನು ಕೊಂಡೆವು. ಮೂವತ್ತು ಆಡುಗಳಿವೆ, ಉಳಿದ ಜಾಗದಲ್ಲಿ ಓಕ್ ಮತ್ತು ಸೀಡರ್ ಮರಗಳಿವೆ. ಇದುವರೆಗೆ ಎಲ್ಲ ಕೆಲಸವನ್ನೂ ಹಳೆಯ ಪಿಕಪ್ಪಿನಲ್ಲಿ ಮತ್ತು ಕೈಗಾಡಿಯಲ್ಲಿ ಮಾಡಿಕೊಂಡು ಬಂದಿದ್ದೇನೆ, ಆದರೆ ಪಿಕಪ್ ಹೋಗಲಾರದ ಕಡೆಯೇ ನನಗೆ ಕೆಲಸ ಹೆಚ್ಚು. ಕಳೆದ ಚಳಿಗಾಲದಲ್ಲಿ ಹಳ್ಳದ ಬದಿಯ ಬೇಲಿ ಬಿದ್ದಾಗ ಕಬ್ಬಿಣದ ಕಂಬಗಳನ್ನು ಎರಡೆರಡಾಗಿ ಹೆಗಲ ಮೇಲೆ ಹೊತ್ತು ಇಳಿಸಿದೆ. ಬೆಳಿಗ್ಗೆ ಆರಂಭಿಸಿದ ಕೆಲಸ ಕತ್ತಲಾದರೂ ಮುಗಿಯಲಿಲ್ಲ, ಅಷ್ಟರಲ್ಲಿ ನಾಲ್ಕು ಆಡುಗಳು ಪಕ್ಕದವರ ಜಮೀನಿಗೆ ದಾಟಿದ್ದವು.

ಹಾಗಾಗಿ ಕೆಲಸಕ್ಕೆಂದೇ ಒಂದು ಎಟಿವಿ, ಅಂದರೆ ರಸ್ತೆಯಿಲ್ಲದ ಕಡೆಯೂ ಓಡುವ ನಾಲ್ಕು ಚಕ್ರದ ಸಣ್ಣ ಬಂಡಿ, ಕೊಳ್ಳಬೇಕೆಂದಿದ್ದೇನೆ. ವಾರಕ್ಕೆ ಎರಡು ಸಲ ಮೇವಿನ ಚೀಲ ಮತ್ತು ಹುಲ್ಲಿನ ಚೌಕ ಕಟ್ಟುಗಳನ್ನು ಸಾಗಿಸುವುದು, ಬೇಲಿಯ ಸಾಮಾನು ಒಯ್ಯುವುದು, ಕಡಿದ ಸೀಡರ್ ಕೊಂಬೆಗಳನ್ನು ಸಣ್ಣ ಗಾಡಿಗೆ ಹಾಕಿ ಎಳೆಯುವುದು, ಹಿಂದಿನ ರ‍್ಯಾಕಿಗೆ 25 ಗ್ಯಾಲನ್ನಿನ ಟ್ಯಾಂಕು ಕಟ್ಟಿ ಕಳೆನಾಶಕ ಸಿಂಪಡಿಸುವುದು ಇದರ ಮುಖ್ಯ ಕೆಲಸಗಳು. 14 ವರ್ಷದ ಮಗನೂ ಇದನ್ನು ಓಡಿಸಿ ನೆರವಾಗಬಹುದೆಂಬ ಆಸೆಯಿದೆ. ಹೋಂಡಾ ರ‍್ಯಾಂಚರ್ 420, ಯಮಹಾ ಕೋಡಿಯಾಕ್ 450 ಮತ್ತು ಪೊಲಾರಿಸ್ ಸ್ಪೋರ್ಟ್ಸ್‌ಮನ್ 570 ಈ ಮೂರನ್ನು ನೋಡಿದ್ದೇನೆ. ಮನಸ್ಸು ಪವರ್ ಸ್ಟೀರಿಂಗ್ ಇರುವ ಕೋಡಿಯಾಕ್ ಕಡೆಗೆ ವಾಲಿದೆ.

ನನಗೆ ತಲೆನೋವಾಗಿರುವುದು ಬೆಲೆ. ಒಂದೇ ಕೋಡಿಯಾಕಿಗೆ ಮೂವರು ಡೀಲರುಗಳು ಮೂರು ರೀತಿಯ ಲೆಕ್ಕ ಕೊಟ್ಟಿದ್ದಾರೆ. ಮನೆಯಿಂದ 22 ಮೈಲಿ ದೂರದ ಡೀಲರ್ ಬಂಡಿಗೆ 8,299 ಡಾಲರ್, ಸಾಗಣೆಗೆ 650, ಜೋಡಣೆಗೆ 595, ಕಾಗದಪತ್ರಕ್ಕೆ 150 ಎಂದು ಒಟ್ಟು 9,694 ಹೇಳಿದ್ದಾರೆ. ನಗರದ ದೊಡ್ಡ ಮಳಿಗೆಯವರ ಜಾಹೀರಾತಿನಲ್ಲಿ ಬಂಡಿಯ ಬೆಲೆ 7,699 ಮಾತ್ರ. ಆದರೆ ಬರವಣಿಗೆಯಲ್ಲಿ ಕೇಳಿದಾಗ ಅದಕ್ಕೆ ಸಾಗಣೆ 895, ಜೋಡಣೆ 795, ಕಾಗದಪತ್ರ 199 ಮತ್ತು ‘ರಕ್ಷಣಾ ಪ್ಯಾಕೇಜ್’ ಎಂದು 599 ಸೇರಿ 10,187 ಡಾಲರ್ ಆಯಿತು. 110 ಮೈಲಿ ಆಚೆಯ ಮೂರನೆಯವರು ಯಾವ ವಿವರವನ್ನೂ ಕೊಡದೆ ‘ಎಲ್ಲ ಸೇರಿ 9,150’ ಎಂದಿದ್ದಾರೆ. ಈ ಯಾವುದರಲ್ಲೂ ತೆರಿಗೆ ಸೇರಿಲ್ಲ. ಇಷ್ಟು ವ್ಯತ್ಯಾಸ ಸಹಜವೇ? ದೂರದವರ ಬಳಿ ಕೊಳ್ಳುವುದು ಜಾಣತನವೇ? ಬಲ್ಲವರು ದಯವಿಟ್ಟು ತಿಳಿಸಿ.

ಸ್ಪ್ಯಾನರ್‌ಪೆಟ್ಟಿಗೆ (ವಿಸ್ಕಾನ್ಸಿನ್) ಅವರ ಉತ್ತರ:

ನಮಸ್ಕಾರ ಸರ್. ನಾನು ಹನ್ನೊಂದು ವರ್ಷ ಇಂಥ ಬಂಡಿಗಳ ಸರ್ವಿಸ್ ವಿಭಾಗದಲ್ಲಿ ಕೆಲಸ ಮಾಡಿದವನು. ಬೆಲೆಯ ವಿಚಾರವನ್ನು ಬೇರೆಯವರು ಹೇಳಲಿ, ನಾನು ಬಂಡಿಯ ಬಗ್ಗೆ ಹೇಳುತ್ತೇನೆ.

ಮೊದಲು ನಿಮ್ಮ ಟ್ಯಾಂಕಿನ ಲೆಕ್ಕ ನೋಡೋಣ, ಏಕೆಂದರೆ ನಿಮ್ಮ ಆಯ್ಕೆಯನ್ನು ಅದೇ ತೀರ್ಮಾನಿಸುತ್ತದೆ. 25 ಗ್ಯಾಲನ್ ನೀರು ಸುಮಾರು 95 ಕಿಲೋ ತೂಗುತ್ತದೆ. ಅದಕ್ಕೆ ಟ್ಯಾಂಕು, ಪಂಪು, ಪೈಪುಗಳ ತೂಕವನ್ನೂ ಸೇರಿಸಬೇಕು. ಕೋಡಿಯಾಕ್ 450ರ ಹಿಂದಿನ ರ‍್ಯಾಕ್ ಹೊರಬಹುದಾದ ಮಿತಿ 80 ಕಿಲೋ, ರ‍್ಯಾಂಚರ್‌ನದು ಸುಮಾರು 60 ಕಿಲೋ. ಅಂದರೆ ನೀವು ಯೋಚಿಸಿರುವ ಟ್ಯಾಂಕು ತುಂಬಿದಾಗ ಈ ಎರಡರ ಮೇಲೂ ಕೂರುವಂತಿಲ್ಲ. 15 ಗ್ಯಾಲನ್ನಿನದಾದರೆ ನೀರೇ 57 ಕಿಲೋ ಆಗುವುದರಿಂದ ಕೋಡಿಯಾಕಿಗೆ ಸರಿಹೋಗುತ್ತದೆ, ರ‍್ಯಾಂಚರಿಗೆ ಅದೂ ಹೆಚ್ಚಾಗುತ್ತದೆ. ಅರ್ಧ ಖಾಲಿಯಾದ ಟ್ಯಾಂಕು ಇಳಿಜಾರಿನಲ್ಲಿ ತುಂಬಿದ ಟ್ಯಾಂಕಿಗಿಂತ ಹೆಚ್ಚು ಅಪಾಯ ಎಂಬುದನ್ನೂ ಮರೆಯಬೇಡಿ. ನೀರು ಒಂದು ಬದಿಗೆ ತೊನೆದಾಗ ಬಂಡಿಯ ತೂಕವೆಲ್ಲ ಅದೇ ಬದಿಗೆ ಸರಿಯುತ್ತದೆ. ಎಳೆಯುವ ಶಕ್ತಿಯಲ್ಲೂ ಇವೆರಡಕ್ಕೆ ಅಂತರ ದೊಡ್ಡದು: ಕೋಡಿಯಾಕಿಗೆ 600 ಕಿಲೋ, ರ‍್ಯಾಂಚರಿಗೆ ಸುಮಾರು 385 ಕಿಲೋ ಎಂದು ಕಂಪನಿಗಳೇ ಮಿತಿ ಹಾಕಿವೆ. ಆ ಮಿತಿ ಸಮತಟ್ಟಾದ ನೆಲಕ್ಕೆಂದು ತಿಳಿಯಿರಿ. ನಿಮ್ಮ ಗುಡ್ಡದಲ್ಲಿ, ಬ್ರೇಕಿಲ್ಲದ ಗಾಡಿಯನ್ನು ಹಿಂದೆ ಕಟ್ಟಿಕೊಂಡು ಇಳಿಯುವಾಗ ಅದರ ಅರ್ಧದಷ್ಟೇ ಹೇರುವುದು ಒಳ್ಳೆಯದು.

ಎರಡನೆಯದು ಗೇರಿನ ವಿಚಾರ. ರ‍್ಯಾಂಚರಿನಲ್ಲಿ ನಿಜವಾದ ಗೇರುಗಳಿವೆ, ಬೆಲ್ಟು ಇಲ್ಲ. ಕಾಲಿನಿಂದ ಬದಲಿಸುವುದು, ಗುಂಡಿ ಒತ್ತಿ ಬದಲಿಸುವುದು, ತಾನಾಗಿ ಬದಲಾಗುವ ಡ್ಯುಯಲ್ ಕ್ಲಚ್ ಎಂದು ಮಾದರಿಗಳಿವೆ. ಎಣ್ಣೆಯಲ್ಲೇ ಮುಳುಗಿರುವ ಈ ವ್ಯವಸ್ಥೆ ನೀರಿಗೂ ಧೂಳಿಗೂ ಸುಲಭವಾಗಿ ಬಗ್ಗುವುದಿಲ್ಲ, ಆದ್ದರಿಂದಲೇ ಹಳೆಯ ರ‍್ಯಾಂಚರುಗಳು ಇನ್ನೂ ಹೊಲಗಳಲ್ಲಿ ಓಡುತ್ತಿವೆ. ಯಮಹಾ ಮತ್ತು ಪೊಲಾರಿಸ್‌ನಲ್ಲಿ ಎರಡು ಪುಲ್ಲಿಗಳ ನಡುವೆ ರಬ್ಬರ್ ಬೆಲ್ಟು ಓಡುತ್ತದೆ. ಯಮಹಾದವರು ಬೆಲ್ಟನ್ನು ಸದಾ ಬಿಗಿಯಾಗಿಟ್ಟು, ಹಿಡಿಯುವ ಬಿಡುವ ಕೆಲಸವನ್ನು ಬೇರೆ ಕ್ಲಚ್ಚಿಗೆ ಒಪ್ಪಿಸಿರುವುದರಿಂದ ಬೆಲ್ಟು ಕಡಿಮೆ ಸವೆಯುತ್ತದೆ. ಇಳಿಜಾರಿನಲ್ಲಿ ವೇಗ ಕೊಡುವ ಥ್ರಾಟಲ್ ಬಿಟ್ಟೊಡನೆ ಇಂಜಿನ್ನೇ ಬಂಡಿಯನ್ನು ತಡೆಹಿಡಿಯುತ್ತದೆ, ಕಲ್ಲುಗುಡ್ಡದಲ್ಲಿ ಇದು ದೊಡ್ಡ ಅನುಕೂಲ. ಆದರೆ ಹೊರೆ ಎಳೆಯುವಾಗಲೆಲ್ಲ ಲೋ ರೇಂಜಿಗೆ, ಅಂದರೆ ನಿಧಾನವಾಗಿ ಹೆಚ್ಚು ಬಲದಿಂದ ಎಳೆಯುವ ಗೇರಿಗೆ, ಹಾಕಲೇಬೇಕು. ಒಮ್ಮೆ ಒಬ್ಬ ರೈತರು ಇಡೀ ಬೇಸಿಗೆ ಹೈ ರೇಂಜಿನಲ್ಲೇ ಸೌದೆ ಎಳೆದ ಬಂಡಿಯನ್ನು ನಮ್ಮಲ್ಲಿಗೆ ತಂದಿದ್ದರು. ಮುಚ್ಚಳ ತೆಗೆದಾಗ ಸುಟ್ಟ ರಬ್ಬರಿನ ವಾಸನೆ ಮುಖಕ್ಕೆ ಹೊಡೆಯಿತು, ಬೆಲ್ಟಿನ ಎರಡು ಪಕ್ಕಗಳೂ ಗಾಜಿನಂತೆ ಹೊಳೆಯುತ್ತಿದ್ದವು, ನಡುವೆ ನೂಲಿನ ಎಳೆಗಳು ಹೊರಬಂದಿದ್ದವು. ಅದು ಬಂಡಿಯ ದೋಷವಾಗಿರಲಿಲ್ಲ.

ಪೊಲಾರಿಸ್ 570 ಶಕ್ತಿಯುಳ್ಳ ಬಂಡಿಯೇ, ಆದರೆ ನಿಮ್ಮ ಕೆಲಸಕ್ಕೆ ಅಷ್ಟು ಶಕ್ತಿ ಬೇಕಿಲ್ಲ. ನೀವು ಹೇಳಿದ ಹೊರೆ ಮತ್ತು ಇಳಿಜಾರು ಎರಡನ್ನೂ ನೋಡಿದರೆ ಕೋಡಿಯಾಕ್ ಸರಿ ಎಂಬುದು ನನ್ನ ಅಭಿಪ್ರಾಯ, ಟ್ಯಾಂಕು ಮಾತ್ರ ಚಿಕ್ಕದಾಗಲಿ. ಹಳೆಯ ಬಂಡಿ ಸಿಕ್ಕರೂ ನೋಡಬಹುದು. ಆಗ ಹೊಳಪಿಗೆ ಮರುಳಾಗದೆ ಏರ್ ಫಿಲ್ಟರಿನ ಡಬ್ಬಿ ತೆರೆದು ಒಳಗೆ ಕೆಸರಿನ ಗೆರೆ ಇದೆಯೇ ಎಂದು ನೋಡಿ, ಇಂಜಿನ್ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದೆಯೇ ಎಂದು ನೋಡಿ. ಇವೆರಡೂ ಬಂಡಿ ನೀರಿನಲ್ಲಿ ಮುಳುಗಿದ್ದರ ಗುರುತು.

ಲೆಕ್ಕದಪುಸ್ತಕ (ಡಲ್ಲಸ್) ಅವರ ಉತ್ತರ:

ನಮಸ್ಕಾರ. ಇಷ್ಟು ವ್ಯತ್ಯಾಸ ಇಲ್ಲಿ ಸಹಜವೇ. ಕಂಪನಿ ಪ್ರಕಟಿಸುವ ಬೆಲೆಯಲ್ಲಿ ಸಾಗಣೆ, ಜೋಡಣೆ, ತೆರಿಗೆ, ನೋಂದಣಿ ಯಾವುದೂ ಸೇರಿರುವುದಿಲ್ಲ. ಡೀಲರ್ ಆ ಜಾಗದಲ್ಲಿ ತನಗೆ ಬೇಕಾದ ಅಂಕಿಯನ್ನು ತುಂಬುತ್ತಾನೆ. ಬಂಡಿಯ ಬೆಲೆ ಇಳಿಸಿ ಜೋಡಣೆಯ ಬೆಲೆ ಏರಿಸಿದರೆ ಜಾಹೀರಾತು ಚೆನ್ನಾಗಿ ಕಾಣುತ್ತದೆ, ಅಷ್ಟೇ. ನೀವು ಬರವಣಿಗೆಯಲ್ಲಿ ಕೇಳಿ ಪಡೆದದ್ದು ತುಂಬ ಒಳ್ಳೆಯದಾಯಿತು. ನಿಮ್ಮ ಮೂರು ಲೆಕ್ಕಗಳಲ್ಲಿ ಜಾಹೀರಾತಿನ ಬೆಲೆ ಅತಿ ಕಡಿಮೆ ಇರುವ ಮಳಿಗೆಯೇ ಕೊನೆಗೆ ಅತಿ ದುಬಾರಿಯಾಗಿದೆ. ಆ 599 ಡಾಲರಿನ ಪ್ಯಾಕೇಜ್ ಎಂಬುದು ಸಾಮಾನ್ಯವಾಗಿ ಟೈರಿನೊಳಗೆ ಹಾಕುವ ಅಂಟುದ್ರವ, ಕಳ್ಳತನ ತಡೆಯುವ ಗುರುತು ಇಂಥವುಗಳ ಕಂತೆ. ಬೇಡ ಎನ್ನಲು ನಿಮಗೆ ಪೂರ್ತಿ ಹಕ್ಕಿದೆ. ತೆಗೆಯುವುದಿಲ್ಲ ಎಂದರೆ ಅಲ್ಲಿಂದ ಎದ್ದು ಬನ್ನಿ.

ಮೂರನೆಯವರ 9,150ರ ಬಗ್ಗೆ ಒಂದು ಮಾತು. ನಮ್ಮ ಹಿರಿಯರು ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದ ಹಾಗೆ ಇಲ್ಲಿ ಚಾಸಿ ಸಂಖ್ಯೆ ನೋಡಬೇಕು. ಹದಿನೇಳು ಅಕ್ಷರಗಳ ಆ ಸಂಖ್ಯೆಯಲ್ಲಿ ಹತ್ತನೆಯದು ಮಾದರಿಯ ವರ್ಷವನ್ನು ಹೇಳುತ್ತದೆ: ‘ಪಿ’ ಎಂದರೆ 2023, ‘ಆರ್’ ಎಂದರೆ 2024, ‘ಎಸ್’ ಎಂದರೆ 2025. ಹಳೆಯ ವರ್ಷದ ಬಂಡಿ ಮಾರಾಟವಾಗದೆ ಉಳಿದಿದ್ದರೆ ಅದು ಕೆಟ್ಟದ್ದೇನಲ್ಲ, ವಾರಂಟಿಯೂ ಮಾರಾಟದ ದಿನದಿಂದಲೇ ಆರಂಭವಾಗುತ್ತದೆ. ಆದರೆ ಮುಂದೆ ಮಾರುವಾಗ ಒಂದು ವರ್ಷ ಹಳೆಯದೆಂದೇ ಎಣಿಕೆಯಾಗುವುದರಿಂದ ಅದರ ಬೆಲೆಯನ್ನು ಹೊಸ ವರ್ಷದ ಬಂಡಿಯ ಬೆಲೆಗೆ ಹೋಲಿಸಬಾರದು. ಸಂಖ್ಯೆಯ ಫೋಟೋ ಕಳುಹಿಸಿ ಎಂದು ಕೇಳಿ, ಜೊತೆಗೆ ಆ 9,150ರ ವಿವರವನ್ನೂ ಬರೆಸಿಕೊಳ್ಳಿ.

ತೆರಿಗೆಯನ್ನೂ ನೋಡಿಕೊಳ್ಳಿ. ಟೆಕ್ಸಸ್‌ನಲ್ಲಿ ರಾಜ್ಯದ ಮಾರಾಟ ತೆರಿಗೆ ಶೇ. 6.25, ಸ್ಥಳೀಯ ತೆರಿಗೆ ಸೇರಿ ಹೆಚ್ಚೆಂದರೆ ಶೇ. 8.25. ಅಂದರೆ ನಿಮ್ಮ ಬಂಡಿಗೆ 750 ಡಾಲರಿಗೂ ಹೆಚ್ಚು. ನೀವು ಆಡು ಸಾಕಿ ಮಾರುವವರಾಗಿದ್ದು, ರಾಜ್ಯದ ತೆರಿಗೆ ನೋಡಿಕೊಳ್ಳುವ ಕಂಪ್ಟ್ರೋಲರ್ ಕಚೇರಿಯಿಂದ ಕೃಷಿ ನೋಂದಣಿ ಸಂಖ್ಯೆ ಪಡೆದಿದ್ದರೆ, ಕೃಷಿ ಉತ್ಪಾದನೆಗೆ ಮಾತ್ರ ಬಳಸುವ ಎಟಿವಿಗೆ ವಿನಾಯಿತಿ ಪತ್ರ ಕೊಟ್ಟು ಈ ತೆರಿಗೆಯನ್ನು ಉಳಿಸಬಹುದು. ‘ಮಾತ್ರ’ ಎಂಬುದನ್ನು ಗಮನಿಸಿ: ವಾರಾಂತ್ಯದಲ್ಲಿ ಮಕ್ಕಳು ಮೋಜಿಗೆ ಓಡಿಸುವ ಬಂಡಿಗೆ ಆ ಪತ್ರಕ್ಕೆ ಸಹಿ ಹಾಕುವುದು ತಪ್ಪಾಗುತ್ತದೆ.

ಇನ್ನು ದೂರದ ಪ್ರಶ್ನೆ. 9,694 ಮತ್ತು 9,150ರ ನಡುವಿನ ಅಂತರ 544 ಡಾಲರ್. ಮೊದಲ ತಿಂಗಳ ಸರ್ವಿಸಿಗೆ ಬಂಡಿಯನ್ನು ಟ್ರೇಲರಿನಲ್ಲಿ ಹೇರಿಕೊಂಡು 110 ಮೈಲಿ ಹೋಗಿ ಬರುವುದೆಂದರೆ ಒಂದು ದಿನದ ಕೆಲಸ ಹಾಳಾದಂತೆ. ವಾರಂಟಿ ಕೆಲಸವನ್ನು ಆ ಕಂಪನಿಯ ಯಾವ ಡೀಲರ್ ಬಳಿಯೂ ಮಾಡಿಸಬಹುದು ನಿಜ, ಆದರೆ ಕೆಲಸದ ಒತ್ತಡದ ದಿನಗಳಲ್ಲಿ ತಮ್ಮಲ್ಲಿ ಕೊಂಡವರ ಬಂಡಿಯನ್ನು ಮೊದಲು ಎತ್ತಿಕೊಳ್ಳುವುದು ಎಲ್ಲ ಕಡೆ ಇರುವ ವಾಡಿಕೆ. ಹತ್ತಿರದವರಿಗೆ ದೂರದವರು ಬರೆದುಕೊಟ್ಟ ಲೆಕ್ಕವನ್ನು ತೋರಿಸಿ, ಆ ಅಂತರದಲ್ಲಿ ಅರ್ಧದಷ್ಟಾದರೂ ಇಳಿಸಿದರೆ ಅಲ್ಲಿಯೇ ಕೊಳ್ಳಿ.

ದೂರದೂರು (ಕ್ವೀನ್ಸ್‌ಲ್ಯಾಂಡ್, ಆಸ್ಟ್ರೇಲಿಯ) ಅವರ ಉತ್ತರ:

ಬೆಲೆಯ ಬಗ್ಗೆ ನಾನು ಹೇಳುವುದಿಲ್ಲ. ಮಗನ ಬಗ್ಗೆ ಬರೆದದ್ದನ್ನು ಓದಿ ಸುಮ್ಮನಿರಲಾಗಲಿಲ್ಲ.

ನೀವು ನೋಡುತ್ತಿರುವ ಎಲ್ಲ ಬಂಡಿಗಳ ಮೇಲೂ 16 ವರ್ಷದೊಳಗಿನವರು ಓಡಿಸಬಾರದೆಂಬ ಎಚ್ಚರಿಕೆಯ ಚೀಟಿ ಇರುತ್ತದೆ. ಅವುಗಳ ಸೀಟು ಉದ್ದವಾಗಿದ್ದರೂ ಅದು ಇಬ್ಬರಿಗಲ್ಲ. ಓಡಿಸುವವರು ತೂಗಿಕೊಂಡು ಮುಂದೆ ಹಿಂದೆ ಸರಿಯಲೆಂದು ಇರುವ ಜಾಗ ಅದು. ಸುಮಾರು 300 ಕಿಲೋ ತೂಗುವ ಬಂಡಿ ಇಳಿಜಾರಿನಲ್ಲಿ ಮಗುಚಿದರೆ ದೊಡ್ಡವರೇ ಅದರ ಅಡಿಯಿಂದ ಏಳಲಾರರು. ನಮ್ಮಲ್ಲಿ ರೈತರು ಹೀಗೆಯೇ ಸತ್ತದ್ದರಿಂದ ಸರ್ಕಾರ 2019ರಲ್ಲಿ ಹೊಸ ಸುರಕ್ಷತಾ ನಿಯಮ ತಂದಿತು. ಅದರಂತೆ 2021ರ ಅಕ್ಟೋಬರ್ 11ರಿಂದ ಕೆಲಸದ ಹೊಸ ಬಂಡಿಗಳೆಲ್ಲ ಓಡಿಸುವವರನ್ನು ಕಾಪಾಡುವ ಸಾಧನದೊಂದಿಗೇ ಮಾರಾಟವಾಗಬೇಕು. ಹೋಂಡಾ, ಯಮಹಾ ಮುಂತಾದವರು ಇದನ್ನು ಒಪ್ಪದೆ ನಮ್ಮ ದೇಶದಲ್ಲಿ ಇಂಥ ಬಂಡಿಗಳ ಮಾರಾಟವನ್ನೇ ನಿಲ್ಲಿಸಿದರು. ಆಗ ನನಗೂ ಬೇಸರವಾಗಿತ್ತು.

ಬೇಸರ ಹೋದದ್ದು ನಮ್ಮ ಪಕ್ಕದ ತೋಟದಲ್ಲಿ. ಕಾಲುವೆಯ ಏರಿಯ ಮೇಲೆ ಬಂಡಿ ಹಿಮ್ಮುಖವಾಗಿ ಮಗುಚಿತ್ತು. ನಾನು ಓಡಿಹೋದಾಗ ಹಿಂದಿನ ರ‍್ಯಾಕಿನ ಬಳಿ ನಿಲ್ಲಿಸಿದ್ದ ಕಮಾನಿನಂಥ ಕಬ್ಬಿಣದ ಪಟ್ಟಿ ಮಣ್ಣಿನಲ್ಲಿ ಒಂದು ಗೇಣು ಹೂತುಹೋಗಿ ಬಂಡಿಯನ್ನು ಎತ್ತಿ ಹಿಡಿದಿತ್ತು. ಆ ಸಂದಿನಿಂದ ಮನುಷ್ಯ ತಾನೇ ತೆವಳಿಕೊಂಡು ಹೊರಗೆ ಬಂದರು. ಅಮೆರಿಕದಲ್ಲಿ ಇದು ಕಡ್ಡಾಯವಲ್ಲದಿದ್ದರೂ ಕೊಳ್ಳಲು ಸಿಗುತ್ತದೆ. ರಕ್ಷಣಾ ಪ್ಯಾಕೇಜಿಗೆ ಕೇಳಿದ ಆ 599 ಡಾಲರನ್ನು ಇದಕ್ಕೆ ಹಾಕಿ, ಒಳ್ಳೆಯ ಹೆಲ್ಮೆಟ್ಟನ್ನೂ ಕೊಳ್ಳಿ. ಮಗನಿಗೆ ಇನ್ನೆರಡು ವರ್ಷ ಬೇಲಿಯ ಬಾಗಿಲು ತೆರೆಯುವ ಕೆಲಸ ಕೊಡಿ ಅಣ್ಣ.

ಬೇಲಿಸಾಲು (ಟೆಕ್ಸಸ್) ಮತ್ತೆ ಬರೆದದ್ದು:

ಮೂವರಿಗೂ ಮನಃಪೂರ್ವಕ ವಂದನೆಗಳು. ನೀವು ಹೇಳಿದಂತೆ ಚಾಸಿ ಸಂಖ್ಯೆಯ ಫೋಟೋ ಕೇಳಿದೆ. ದೂರದವರ ಬಂಡಿಯ ಹತ್ತನೆಯ ಅಕ್ಷರ ‘ಆರ್’, ಉಳಿದಿಬ್ಬರದು ‘ಎಸ್’. ಫೋನಿನಲ್ಲಿ ಎರಡು ಸಲ ಮಾತನಾಡಿದರೂ ಅವರು ಅದನ್ನು ಹೇಳಿರಲಿಲ್ಲ ಎಂಬುದು ನನಗೆ ನೋವು ತಂದಿತು.

ಹತ್ತಿರದ ಡೀಲರ್ ಬಳಿ ಶನಿವಾರ ಹೋಗಿ ಮೂರು ಬರಹಗಳನ್ನೂ ಮೇಜಿನ ಮೇಲಿಟ್ಟೆ. ಅವರು ಜೋಡಣೆಯ ಬೆಲೆಯಲ್ಲಿ 300 ಡಾಲರ್ ಬಿಟ್ಟು 9,394ಕ್ಕೆ ಒಪ್ಪಿದರು, ಮೊದಲ ತಿಂಗಳ ಸರ್ವಿಸನ್ನು ಹಣವಿಲ್ಲದೆ ಮಾಡಿಕೊಡುವುದಾಗಿ ರಸೀದಿಯ ಮೇಲೆಯೇ ಬರೆದುಕೊಟ್ಟರು. ನನ್ನ ಬಳಿ ಕೃಷಿ ನೋಂದಣಿ ಸಂಖ್ಯೆ ಇದೆ. ಮಗ ಓಡಿಸುವುದಿಲ್ಲ ಎಂದು ಮನೆಯಲ್ಲಿ ತೀರ್ಮಾನವಾದ ಮೇಲೆಯೇ ವಿನಾಯಿತಿ ಪತ್ರಕ್ಕೆ ಸಹಿ ಹಾಕಿದೆ. ಎರಡು ದಿನ ಮುನಿಸಿಕೊಂಡಿದ್ದ, ಈಗ ಸರಿಯಾಗಿದ್ದಾನೆ. 15 ಗ್ಯಾಲನ್ನಿನ ಟ್ಯಾಂಕಿಗೂ ಮಗುಚಿದಾಗ ಕಾಪಾಡುವ ಪಟ್ಟಿಗೂ ಆರ್ಡರ್ ಕೊಟ್ಟಿದ್ದೇನೆ. ಬಂಡಿ ಗುರುವಾರ ಮನೆಗೆ ಬರುತ್ತದೆ. ಬಂದ ದಿನ ಮೊದಲು ಏನನ್ನು ನೋಡಿಕೊಳ್ಳಬೇಕು?

ಸ್ಪ್ಯಾನರ್‌ಪೆಟ್ಟಿಗೆ (ವಿಸ್ಕಾನ್ಸಿನ್):

ಸಂತೋಷ ಸರ್. ಮೊದಲು ಟೈರಿನ ಗಾಳಿ ನೋಡಿ. ಪೆಟ್ಟಿಗೆಯಲ್ಲಿ ಬರುವ ಬಂಡಿಗಳ ಟೈರಿಗೆ ಸಾಮಾನ್ಯವಾಗಿ ಹೆಚ್ಚು ಗಾಳಿ ತುಂಬಿರುತ್ತಾರೆ, ಜೋಡಿಸುವವರು ಎಷ್ಟೋ ಸಲ ಇಳಿಸಲು ಮರೆಯುತ್ತಾರೆ, ಆಗ ಕಲ್ಲಿನ ಮೇಲೆ ಬಂಡಿ ಚೆಂಡಿನಂತೆ ಪುಟಿಯುತ್ತದೆ. ಬಂಡಿಯ ಮೇಲಿನ ಚೀಟಿಯಲ್ಲಿರುವ ಅಂಕಿಗೆ ಇಳಿಸಿ. ಕಾರಿನ ಗೇಜಿನಲ್ಲಿ ಅಷ್ಟು ಕಡಿಮೆ ಒತ್ತಡ ಸರಿಯಾಗಿ ಕಾಣುವುದಿಲ್ಲ, ಎಟಿವಿಗೆಂದೇ ಬರುವ ಸಣ್ಣ ಗೇಜ್ ತರಿಸಿಕೊಳ್ಳಿ. ಆಮೇಲೆ ನಾಲ್ಕೂ ಚಕ್ರದ ನಟ್ಟುಗಳನ್ನು ಸ್ಪ್ಯಾನರ್ ಹಾಕಿ ಒಮ್ಮೆ ಬಿಗಿಮಾಡಿ ನೋಡಿ, ಹತ್ತು ಮೈಲಿ ಓಡಿಸಿದ ಮೇಲೆ ಇನ್ನೊಮ್ಮೆ ನೋಡಿ.