ಬೀಗರೂಟಕ್ಕೆ ಯಾವ ಗ್ಲಾಸು? ಮೂಲಮನೆ ಗುಂಪಿನ ಚರ್ಚೆ

ಶಿವಮೊಗ್ಗ ಅತ್ತಿಗೆ: (ಚಿತ್ರ) ಗಾಂಧಿ ಬಜಾರಿನ ಪಾತ್ರೆ ಅಂಗಡಿಯಲ್ಲಿದ್ದೇನೆ. ಬೀಗರು ನಾಸಿಕದ ಕಡೆಯವರು, ದ್ರಾಕ್ಷಿ ಬೆಳೆಯುವ ಮನೆತನ. ಬೀಗರೂಟದ ಹಿಂದಿನ ಸಂಜೆ ಬಿಳಿ ವೈನ್ ಕೊಡುವುದು ಎಂದು ಮಾತಾಗಿದೆಯಲ್ಲ, ಅದಕ್ಕೆ ಈ ಗ್ಲಾಸು ನೋಡಿ. ಅಂಚಿಗೆ ಚಿನ್ನದ ಗೆರೆ, ಮೈತುಂಬ ಕೆತ್ತನೆ. ಎಲ್ಲರೂ ಹಣ ಹಾಕುವುದಾದರೆ ಎರಡು ಡಜನ್ ತೆಗೆದುಕೊಳ್ಳುತ್ತೇನೆ.

ಕೊಪ್ಪದ ಭಾವ: ಒಂದು ಸಂಜೆಗೆ ಇಷ್ಟು ಖರ್ಚೇಕೆ? ತೀರ್ಥಹಳ್ಳಿಯ ಮನೆಯಲ್ಲಿ ಸ್ಟೀಲ್ ಲೋಟಗಳು ರಾಶಿ ಬಿದ್ದಿವೆ. ರುಚಿ ಬಾಟಲಿಯಲ್ಲಿರುತ್ತದೆ, ಲೋಟದಲ್ಲಿ ಅಲ್ಲ.

ನಾನು: ಅತ್ತಿಗೆ, ದಯವಿಟ್ಟು ಈಗಲೇ ಹಣ ಕೊಡಬೇಡಿ. ಕೆತ್ತನೆಯದು ಬೇಡ. ಚಿತ್ರದಲ್ಲಿರುವುದು ಕೆಂಪು ವೈನಿನ ಗ್ಲಾಸು. ಅದರ ಹೊಟ್ಟೆ ದೊಡ್ಡದು, ವೈನಿಗೆ ಗಾಳಿ ತಾಗಲಿ ಎಂದು ಹಾಗೆ ಮಾಡಿರುತ್ತಾರೆ. ಬಿಳಿ ವೈನನ್ನು 8ರಿಂದ 12 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಕುಡಿಯಬೇಕು. ಅಷ್ಟು ಅಗಲಕ್ಕೆ ಹರಡಿಕೊಂಡರೆ ಮಾತು ಮುಗಿಯುವುದರೊಳಗೆ ಅದು ಬೆಚ್ಚಗಾಗುತ್ತದೆ.

ಭಾವ, ಲೋಟದ ವಿಷಯಕ್ಕೆ ನಾನು ಒಪ್ಪುವುದಿಲ್ಲ. ನಾವು ರುಚಿ ಎನ್ನುವುದರಲ್ಲಿ ದೊಡ್ಡ ಪಾಲು ಮೂಗಿನದು. ಶೀತವಾದಾಗ ಕೋಳಿ ಸಾರೂ ಸಪ್ಪೆ ಎನಿಸುವುದು ಅದಕ್ಕೇ. ಸೊವಿನ್ಯೋಂ ಬ್ಲಾಂ ಎಂಬ ಬಿಳಿ ದ್ರಾಕ್ಷಿಯ ವೈನಿನಲ್ಲಿ ದೊಣ್ಣೆಮೆಣಸಿನಕಾಯಿಯ, ಸೀಬೆಹಣ್ಣಿನ, ಆಗಷ್ಟೇ ಕೊಯ್ದ ಹುಲ್ಲಿನ ಪರಿಮಳ ಇರುತ್ತದೆ. ನಮ್ಮ ಲೋಟದ ಅಂಚು ಹೊರಕ್ಕೆ ಬಾಗಿದೆ. ಬಿಸಿ ಕಾಫಿ ಬೇಗ ಆರಲು, ಎತ್ತಿ ಸುರಿಯಲು ಅದು ಸರಿಯಾದ ಆಕಾರವೇ. ವೈನಿಗೆ ಮಾತ್ರ ಬಾಯಿ ಒಳಕ್ಕೆ ಬಾಗಿರಬೇಕು, ಇಲ್ಲದಿದ್ದರೆ ಪರಿಮಳ ಮೂಗಿಗೆ ಸಿಗುವ ಮೊದಲೇ ಹಾರಿಹೋಗುತ್ತದೆ.

ಬೆಂಗಳೂರು ತಮ್ಮ: (ಫಾರ್ವರ್ಡ್ ಮಾಡಿದ ಚಿತ್ರ) ಇದನ್ನು ನೋಡಿ. ಸಿಹಿ ತಿಳಿಯುವುದು ನಾಲಿಗೆಯ ತುದಿಯಲ್ಲಿ, ಹುಳಿ ಪಕ್ಕದಲ್ಲಿ, ಕಹಿ ಹಿಂದೆ. ಗ್ಲಾಸಿನ ಬಾಯಿ ವೈನನ್ನು ತಕ್ಕ ಜಾಗಕ್ಕೆ ಬೀಳಿಸುತ್ತದೆಯಂತೆ. ಆದ್ದರಿಂದ ಸೊವಿನ್ಯೋಂಗೆ ಒಂದು, ಶಾರ್ಡೊನೆ ಎಂಬ ಇನ್ನೊಂದು ಬಿಳಿ ದ್ರಾಕ್ಷಿಯ ವೈನಿಗೆ ಒಂದು, ನೊರೆಯ ವೈನಿಗೆ ಒಂದು, ಹೀಗೆ ಮೂರು ಬಗೆ ಬೇಕು. ಬೀಗರ ಮುಂದೆ ಕೊರತೆಯಾಗಬಾರದು.

ನಾನು: ತಮ್ಮಾ, ಆ ನಾಲಿಗೆಯ ನಕ್ಷೆಯೇ ತಪ್ಪು. ಜರ್ಮನಿಯ ವಿಜ್ಞಾನಿ ಹೇನಿಗ್ 1901ರಲ್ಲಿ ಅಳೆದದ್ದು ನಾಲಿಗೆಯ ಬೇರೆ ಬೇರೆ ಭಾಗಗಳ ಚುರುಕಿನಲ್ಲಿರುವ ಸಣ್ಣ ವ್ಯತ್ಯಾಸವನ್ನು. ಮುಂದೆ ಅದನ್ನು ಜನ ಹಿಗ್ಗಿಸಿ ನಕ್ಷೆ ಮಾಡಿಕೊಂಡರು. 1974ರಲ್ಲಿ ಸಂಶೋಧಕಿ ವರ್ಜೀನಿಯಾ ಕಾಲಿಂಗ್ಸ್ ಮತ್ತೆ ಪರೀಕ್ಷಿಸಿದಾಗ ಎಲ್ಲ ರುಚಿಯೂ ಎಲ್ಲ ಕಡೆ ತಿಳಿಯುತ್ತದೆ, ವ್ಯತ್ಯಾಸ ಅತ್ಯಲ್ಪ ಎಂದು ಕಂಡಿತು. ದ್ರಾಕ್ಷಿ ತಳಿಗೊಂದು ಗ್ಲಾಸು ಎಂಬ ಪದ್ಧತಿಯನ್ನು ಹಬ್ಬಿಸಿದ್ದು ಆಸ್ಟ್ರಿಯಾದ ರೀಡೆಲ್ ಕಂಪನಿ, 1973ರಲ್ಲಿ. ಅವರ ಗ್ಲಾಸು ಸುಂದರವೇ, ಆದರೆ ಒಂದು ಸಂಜೆಗೆ ಮೂರು ಬಗೆ ಬೇಡ.

ಕೊಪ್ಪದ ಭಾವ: ನಾಲಿಗೆಯ ಮಾತು ಸುಳ್ಳು ಎಂದಾದ ಮೇಲೆ ಆಕಾರದ ಮಾತೂ ಸುಳ್ಳೇ ಅಲ್ಲವೇ? ನಾನು ಹೇಳಿದ್ದೂ ಅದನ್ನೇ.

ನಾನು: ಇಲ್ಲ ಭಾವ. 2015ರಲ್ಲಿ ಜಪಾನಿನ ಮಿತ್ಸುಬಯಾಶಿ ಮತ್ತು ಸಂಗಡಿಗರು ಗ್ಲಾಸಿನಿಂದ ಏಳುವ ಆಲ್ಕೋಹಾಲ್ ಆವಿಯನ್ನು ಕ್ಯಾಮೆರಾದಲ್ಲಿ ಸೆರೆಹಿಡಿದರು. 13 ಡಿಗ್ರಿಯಲ್ಲಿ ವೈನ್ ಗ್ಲಾಸಿನ ಅಂಚಿನ ಸುತ್ತ ಆವಿ ಉಂಗುರದಂತೆ ನಿಂತಿತು, ನಡುವೆ ಕಡಿಮೆ ಇತ್ತು. ಅಂದರೆ ಮೂಗು ಹಾಕುವ ಜಾಗದಲ್ಲಿ ಘಾಟು ಕಡಿಮೆ, ಪರಿಮಳ ಸ್ಪಷ್ಟ. ನೇರ ಗ್ಲಾಸಿನಲ್ಲಿ ಆ ಉಂಗುರ ಬರಲಿಲ್ಲ. 25 ಡಿಗ್ರಿಗೆ ಏರಿಸಿದಾಗ ವೈನ್ ಗ್ಲಾಸಿನಲ್ಲೂ ಉಂಗುರ ಇರಲಿಲ್ಲ. ಆಕಾರ ಮತ್ತು ತಂಪು ಎರಡೂ ಕೂಡಿದರೆ ಮಾತ್ರ ಫಲ.

ತೀರ್ಥಹಳ್ಳಿ ದೊಡ್ಡಮ್ಮ: ನೀವೆಲ್ಲ ಮಾತಾಡಿ ಹೋಗುತ್ತೀರಿ, ತೊಳೆಯುವವಳು ನಾನು. ಆ ಉದ್ದ ಕಾಲು ಕಲ್ಲಿಗೆ ತಾಗಿದರೆ ಮುರಿಯುತ್ತದೆ. ಕಾಲಿಲ್ಲದ್ದನ್ನು ತನ್ನಿ.

ನಾನು: ದೊಡ್ಡಮ್ಮ, ಕಾಲು ಇರುವುದು ಅಂದಕ್ಕಲ್ಲ. ಬಟ್ಟಲನ್ನೇ ಅಂಗೈಯಲ್ಲಿ ಹಿಡಿದರೆ ಮೈಯ ಕಾವು ವೈನಿಗೆ ಹತ್ತುತ್ತದೆ. ಗಿಡ್ಡ ಕಾಲಿನದು ಸಿಗುತ್ತದೆ, ಅದು ಅಷ್ಟು ಬೇಗ ಮುರಿಯುವುದಿಲ್ಲ. ಒರೆಸುವಾಗ ಒಂದು ಕೈಯಲ್ಲಿ ತಳ, ಇನ್ನೊಂದರಲ್ಲಿ ಬಟ್ಟಲು ಹಿಡಿದು ತಿರುಚಬಾರದು. ಎಷ್ಟೋ ಗ್ಲಾಸು ಹಾಗೆ ತಿರುಚಿದಾಗಲೇ ಒಡೆಯುತ್ತವೆ. ಬಟ್ಟಲನ್ನೇ ಬಟ್ಟೆಯಲ್ಲಿ ಹಿಡಿದು ಬಟ್ಟಲನ್ನು ಒರೆಸಿ. ಆ ದಿನ ನಾನೇ ಬಂದು ತೊಳೆಯುತ್ತೇನೆ.

ಶಿವಮೊಗ್ಗ ಅತ್ತಿಗೆ: ಕೆತ್ತನೆ ಯಾಕೆ ಬೇಡ ಎಂದು ಹೇಳಲೇ ಇಲ್ಲ. ಬರಿಯ ಗಾಜು ತಂದರೆ ಬೀಗರು ಏನೆಂದುಕೊಂಡಾರು?

ನಾನು: ದ್ರಾಕ್ಷಿ ಬೆಳೆಯುವವರು ಮೊದಲು ನೋಡುವುದು ವೈನಿನ ಬಣ್ಣವನ್ನು, ಅತ್ತಿಗೆ. ಎಳೆಯ ವೈನಿನಲ್ಲಿ ಹಸಿರು ಛಾಯೆಯ ತೆಳು ಹಳದಿ, ಮರದ ಪೀಪಾಯಿಯಲ್ಲಿಟ್ಟದ್ದರಲ್ಲಿ ಹೊಂಬಣ್ಣ. ಕೆತ್ತನೆಯ ಹಿಂದೆ ಇದು ಕಾಣುವುದಿಲ್ಲ. ಚಿನ್ನದ ಗೆರೆ ತಿಕ್ಕಿದಂತೆ ಸವೆಯುತ್ತದೆ. ಕೆತ್ತನೆಯದು ಸೀಸದ ಕ್ರಿಸ್ಟಲ್, ಅಂದರೆ ಸೀಸ ಬೆರೆಸಿ ಮಾಡಿದ ಗಾಜು, ಆಗಿದ್ದರೆ ಇನ್ನೂ ಎಚ್ಚರ ಬೇಕು. ಹಳೆಯ ಬಗೆಯದರಲ್ಲಿ ಶೇ. 24ರಷ್ಟು ಸೀಸದ ಆಕ್ಸೈಡ್ ಇರುತ್ತದೆ, ಹುಳಿ ಪಾನೀಯವನ್ನು ಬಹಳ ಹೊತ್ತು ಅದರಲ್ಲಿ ಇಡಬಾರದು. ತೆಳು ಅಂಚಿನ, ಬರಿ ಮೈಯ, ಮೊಗ್ಗಿನಂತೆ ಮೇಲೆ ಕಿರಿದಾಗುವ, 300ರಿಂದ 350 ಮಿಲಿಲೀಟರ್ ಹಿಡಿಯುವ ಗ್ಲಾಸು ಕೇಳಿ. ತುಂಬ ಸುರಿಯಬಾರದು. 750 ಮಿಲಿಲೀಟರ್ ಬಾಟಲಿಗೆ ಆರು ಗ್ಲಾಸು ಎಂದು ಲೆಕ್ಕ ಹಿಡಿದರೆ ಗ್ಲಾಸಿನ ಮೂರರಲ್ಲಿ ಒಂದು ಭಾಗಕ್ಕಿಂತ ತುಸು ಹೆಚ್ಚು ತುಂಬುತ್ತದೆ. ಮತ್ತೆ ಮತ್ತೆ ಸ್ವಲ್ಪ ಸ್ವಲ್ಪ ಕೊಡೋಣ, ಉಪಚಾರವೂ ಆಯಿತು, ತಂಪೂ ಉಳಿಯಿತು.

ಬೆಂಗಳೂರು ತಮ್ಮ: ನೊರೆಯ ವೈನಿಗೆ ಕೊಳವೆಯಂಥ ಗ್ಲಾಸಾದರೂ ತರೋಣ.

ನಾನು: ಅದೂ ಬೇಡ. ನೊರೆಯ ವೈನಿಗೆ ಹೆಸರಾದ ಫ್ರಾನ್ಸಿನ ಷಾಂಪೇನ್ ಪ್ರಾಂತ್ಯದ ಅನೇಕ ತಯಾರಕರೇ ಈಗ ಬಿಳಿ ವೈನಿನ ಗ್ಲಾಸನ್ನು ಬಳಸುತ್ತಾರೆ. ನಿನಗೆ ಬೇರೆ ಕೆಲಸವಿದೆ. ಕರೆಂಟು ಹೋದರೆ ಫ್ರಿಡ್ಜ್ ನಂಬುವಂತಿಲ್ಲ. ಎರಡು ದೊಡ್ಡ ಬಕೆಟ್ಟು, ಮಂಜುಗಡ್ಡೆ ನಿನ್ನ ಜವಾಬ್ದಾರಿ. ಬರಿ ಮಂಜುಗಡ್ಡೆ ಸಾಲದು, ಜೊತೆಗೆ ನೀರು ಇದ್ದರೆ ಬಾಟಲಿಯ ಸುತ್ತ ತಾಗಿ ಬೇಗ ತಣ್ಣಗಾಗುತ್ತದೆ.

ಶಿವಮೊಗ್ಗ ಅತ್ತಿಗೆ: (ಚಿತ್ರ) ಇದು ಸರಿಯೇ? ಬೆಲೆ ಮೊದಲಿನದಕ್ಕಿಂತ ಕಡಿಮೆ.

ನಾನು: ಇದೇ. ಬಾಯಿ ಹೊಟ್ಟೆಗಿಂತ ಕಿರಿದಾಗಿದೆ, ಕಾಲೂ ಗಿಡ್ಡ. ಎರಡು ಡಜನ್ ತನ್ನಿ.

ಕೊಪ್ಪದ ಭಾವ: ನನ್ನ ಪಾಲಿನ ಹಣ ಕಳಿಸಿದ್ದೇನೆ. ಲೋಟದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಆಮೇಲೆ ಇವು ಯಾರ ಮನೆಗೆ ಹೋಗುತ್ತವೆ ಎನ್ನುವುದನ್ನು ಈಗಲೇ ಹೇಳಿ.

ಶಿವಮೊಗ್ಗ ಅತ್ತಿಗೆ: ಒಂದು ಡಜನ್ ನಮ್ಮಲ್ಲಿರಲಿ, ಇಲ್ಲಿ ಅತಿಥಿಗಳು ಹೆಚ್ಚು.

ತೀರ್ಥಹಳ್ಳಿ ದೊಡ್ಡಮ್ಮ: ಎಲ್ಲರ ಹಣದ್ದು ಮೂಲಮನೆಯಲ್ಲೇ ಇರುತ್ತದೆ. ಅಟ್ಟದ ಮೇಲೆ ಬೋರಲು ಹಾಕಿ ಇಡುತ್ತೇನೆ.

ನಾನು: ಮೂಲಮನೆಯಲ್ಲೇ ಇರಲಿ ದೊಡ್ಡಮ್ಮ, ಅದು ನ್ಯಾಯ. ಬೋರಲು ಮಾತ್ರ ಹಾಕಬೇಡಿ. ಮಳೆಗಾಲದಲ್ಲಿ ಮರದ ಹಲಗೆಯ ಬೂಷ್ಟು ವಾಸನೆ ಬಟ್ಟಲೊಳಗೆ ಸಿಕ್ಕಿಕೊಂಡು ಕುಳಿತುಬಿಡುತ್ತದೆ. ಬಾಯಿ ಮೇಲೆ ಮಾಡಿ, ಮೇಲೊಂದು ತೆಳು ಬಟ್ಟೆ ಮುಚ್ಚಿ ನಡುಮನೆಯ ಗಾಜಿನ ಕಪಾಟಿನಲ್ಲಿಡಿ. ಅಡುಗೆಮನೆಯ ಹೊಗೆ ಅಲ್ಲಿಗೆ ತಲುಪುವುದಿಲ್ಲ. ಬಳಸುವ ಮೊದಲು ಬಿಸಿನೀರಿನಲ್ಲಿ ಜಾಲಿಸಿ, ಖಾಲಿ ಗ್ಲಾಸನ್ನೇ ಒಮ್ಮೆ ಮೂಸಿ ನೋಡಿ.

ತೀರ್ಥಹಳ್ಳಿ ದೊಡ್ಡಮ್ಮ: ಕಪಾಟಿನ ಕೆಳಗಿನ ಅರೆ ಖಾಲಿ ಮಾಡಿಸುತ್ತೇನೆ. ಅತ್ತಿಗೆ ಬರುವಾಗ ಎರಡು ಡಜನ್ ಎಣಿಸಿಕೊಂಡೇ ತರಲಿ.